ಐದು ಬಣ್ಣದ ಬಾಗಿಲು

ಮಂಗಳವಾರ, ಮಾರ್ಚ್ ೧೪
ಲಾಂಡ್ರಿಯ ಊಟದ ಕೋಣೆಯಿಂದ, ಪಾಳಿ ಮುಗಿದ ಮೇಲೆ

ನನ್ನ ತರಲೆ ಮಗಳೇ,

ಮೂರು ದಿನದಿಂದ ನಿನ್ನ ಫೋನ್ ಎತ್ತುತ್ತಿಲ್ಲ ಅಂತ ನಿನಗೆ ಸಿಟ್ಟು ಬಂದಿರುತ್ತದೆ. ಬರಲಿ. ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ಸೊಂಟನೋವು ಇದ್ದದ್ದೇ. ಫೋನಿನಲ್ಲಿ ಹೇಳಹೊರಟರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ, ನನಗೆ ಅಳು ಬರುತ್ತದೆ, ಆಮೇಲೆ ಇಬ್ಬರೂ ಊಟ ಆಯಿತಾ ಅಂತ ಕೇಳಿಕೊಂಡು ಇಟ್ಟುಬಿಡುತ್ತೇವೆ. ನೀನು ಎದುರಿಗಿದ್ದಾಗಲೂ ಅಷ್ಟೇ, ಹದಿನಾರು ವರ್ಷದಿಂದ ಹಾಗೇ ಆಗಿದೆ. ಅದಕ್ಕೇ ಈ ಕಾಗದ. ನಡೆಯುತ್ತಾ ಓದಬೇಡ, ಬಸ್ಸಿನಲ್ಲಿ ಓದಬೇಡ. ಒಂದು ಕಡೆ ಕೂತು ಓದು.

ಬರುವ ಶನಿವಾರ ನಿಮ್ಮ ಕಾಲೇಜಿನಲ್ಲಿ ಆ ಪ್ರದರ್ಶನ ಶುರುವಾಗುತ್ತದೆ. ದೇಶ ಬಿಟ್ಟು ಬಂದ ಕೆಲಸಗಾರರ ಫೋಟೋ ಗೋಡೆಗೆ ಹಾಕಿ, ಕೆಳಗೆ ಕಿವಿಗಿಡುವ ಯಂತ್ರ ತೂಗುಹಾಕಿ, ಅವರ ಕಥೆ ಕೇಳಿಸುತ್ತೀರಂತೆ. ಅದರಲ್ಲಿ ನನ್ನದೂ ಇದೆ. ಉದ್ಘಾಟನೆಗೆ ನೀನು ನಿಂತು ನಿಮ್ಮಪ್ಪನ ಬಗ್ಗೆ ಐದು ನಿಮಿಷ ಮಾತಾಡುತ್ತೀಯ ಅಂತ ಬರೆದಿದ್ದೆ. ನೀಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ನಮ್ಮಿಬ್ಬರನ್ನು ಹಿತ್ತಲಿನಿಂದ ಓಡಿಸಿ, ತಾನು ಸತ್ತ ಅಪ್ಪ. ಅದನ್ನು ನೀನು ಅಷ್ಟು ಜನರ ಮುಂದೆ ಹೇಳುವ ಮೊದಲು ನಾನು ಹೇಳಬೇಕಾದದ್ದು ಇದೆ. ಹೇಳದಿದ್ದರೂ ನಡೆಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ನನಗೆ ಹೆದರಿಕೆಯಾಗಿದ್ದು.

ಮೊದಲಿನಿಂದ ಹೇಳುತ್ತೇನೆ. ನೀನು ಕಳಿಸಿದೆಯಲ್ಲ, ನಿನ್ನ ಕ್ಲಾಸಿನ ಕನ್ನಡಕದ ಹುಡುಗಿ, ಅವಳು ಬರುತ್ತಾಳೆ ಅಂತ ಒಂದು ವಾರ ಮೊದಲೇ ಮೇಸ್ತ್ರಿ ಹೇಳಿದ. ವಿದ್ಯಾರ್ಥಿಗಳು ಬಂದು ನಿಮ್ಮ ಇಂಟರ್‌ವ್ಯೂ ಮಾಡ್ತಾರೆ, ಸ್ವಲ್ಪ ನೀಟಾಗಿ ಬನ್ನಿ ಅಂದ. ಅವನಿಗೇನು ಗೊತ್ತು, ಪಾಪ, ಇಲ್ಲೇ ಹುಟ್ಟಿದವನು. ಆ ಒಂದು ಮಾತು ಕೇಳಿ ಲಾಂಡ್ರಿಯ ನಾವು ಐದೂ ಜನ ಕೈಯಲ್ಲಿದ್ದ ಬಟ್ಟೆ ಕೆಳಗೆ ಹಾಕಿದೆವು. ನಮ್ಮ ಬಾಳಿನಲ್ಲಿ ಇಂಟರ್‌ವ್ಯೂ ಅಂದರೆ ಒಂದೇ. ಗಾಜಿನ ಆಚೆ ಒಬ್ಬ ಅಧಿಕಾರಿ, ಈಚೆ ನಾವು, ನಡುವೆ ಫೈಲು. ಒಂದು ತಾರೀಖು ತಪ್ಪಿದರೆ ಬಂದ ದಾರಿಗೆ ವಾಪಸ್ಸು.

ನಮ್ಮವರ ಗುರುತು ನಿನಗಿದೆಯಲ್ಲ. ಕೊಳೆಬಟ್ಟೆ ವಿಂಗಡಿಸುವ ಗುಂಡಕ್ಕ, ದೊಡ್ಡ ಇಸ್ತ್ರಿ ಯಂತ್ರದ ಬಾಯಿಗೆ ಹಾಸಿಗೆ ಬಟ್ಟೆ ಕೊಡುವ ಇಸ್ತ್ರಿ ಅಜ್ಜಿ, ಬಟ್ಟೆ ಮಡಚುವ ಮೇಜಿನ ಅಕ್ಕತಂಗಿಯರು, ಮತ್ತೆ ನಾನು. ಆ ದಿನ ಆಸ್ಪತ್ರೆಯ ಬಟ್ಟೆ ಒಗೆಯುವ ಈ ಜಾಗಕ್ಕೆ ಐವರೂ ಮದುವೆಗೆ ಹೊರಟವರ ಹಾಗೆ ಬಂದಿದ್ದೆವು. ಒಬ್ಬೊಬ್ಬರ ಕಂಕುಳಲ್ಲೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೈಲು. ಅಜ್ಜಿಯಂತೂ ತನ್ನ ಮೊಮ್ಮಗನ ಲಸಿಕೆ ಕಾರ್ಡು, ಹೋದ ವರ್ಷ ಕಿತ್ತ ಹಲ್ಲಿನ ರಸೀದಿ ಎಲ್ಲಾ ತಂದಿದ್ದಳು. ಹಲ್ಲಿನ ರಸೀದಿ ಯಾಕಜ್ಜಿ ಅಂದರೆ, ಕೇಳಿದ್ರೆ ಏನೇ ಮಾಡ್ಲಿ, ಇಲ್ಲ ಅಂತ ಹೇಳೋಕಾಗುತ್ತಾ ಅಂದಳು. ನಾವು ನಗಲಿಲ್ಲ. ನಾನು ಕೂಡ ನಿನ್ನ ಮೊದಲನೇ ತರಗತಿಯ ಅಂಕಪಟ್ಟಿ ತಂದಿದ್ದೆ.

ಹುಡುಗಿ ಒಳ್ಳೆಯವಳು. ನಮ್ಮ ಮಾತು ಅವಳಿಗೆ ಬರುತ್ತದೆ, ಅವಳ ಅಜ್ಜಿ ಕಲಿಸಿದ್ದಂತೆ. ಊಟದ ಕೋಣೆಯಲ್ಲಿ ಮೇಜು ಒರೆಸಿ, ಅಂಗೈಯಷ್ಟು ದೊಡ್ಡ ಯಂತ್ರ ಇಟ್ಟು, ಆಂಟಿ, ಇದರಲ್ಲಿ ಸರಿ ತಪ್ಪು ಅಂತ ಏನೂ ಇಲ್ಲ, ನಿಮಗೆ ಹೇಗೆ ಅನ್ನಿಸುತ್ತೋ ಹಾಗೆ ಹೇಳಿ ಅಂದಳು. ಅಯ್ಯೋ, ಅದನ್ನು ಕೇಳಿ ನನ್ನ ಜೀವ ಇನ್ನೂ ಬಾಯಿಗೆ ಬಂತು! ಆ ಗಾಜಿನ ಹಿಂದಿನ ಅಧಿಕಾರಿಯೂ ಮೊದಲು ಇದನ್ನೇ ಹೇಳಿದ್ದ, ನಗುನಗುತ್ತಾ. ಆಮೇಲೆ ಒಂದೂವರೆ ಗಂಟೆ ಬೆವರಿಳಿಸಿದ್ದ.

ಹಾಗಾಗಿ ನಾನು ಫೈಲಿನಲ್ಲಿದ್ದದ್ದನ್ನೇ ಹೇಳಿದೆ. ಮುಂಜಾವು, ನಾಯಿ ಬೊಗಳಲಿಲ್ಲ, ಬಾಗಿಲು ಬಡಿದರು, ನನ್ನ ಗಂಡ ನೀಲಿ ಬಾಗಿಲಿಗೆ ಬೆನ್ನು ಕೊಟ್ಟು, ‘ಹಿತ್ತಲಿನಿಂದ ಓಡಿ, ತಿರುಗಿ ನೋಡಬೇಡಿ’ ಅಂದ. ಚೆನ್ನಾಗಿ ಹೇಳಿದೆ ಕಣೇ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಗುಳು ನುಂಗಬೇಕು ಎಲ್ಲಾ ನನಗೆ ಗೊತ್ತು. ಹುಡುಗಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನನಗೆ ಒಳಗೊಳಗೇ ಖುಷಿಯಾಯಿತು. ಈಗ ನೆನೆದರೆ ಮೈಯೆಲ್ಲಾ ನಾಚಿಕೆ.

ಹತ್ತು ದಿನ ಬಿಟ್ಟು ಅವಳು ಒಬ್ಬಳೇ ಬಂದಳು. ಚಹಾದ ಹೊತ್ತು. ನಾವು ಐವರೂ ಹಿಂದಿನ ಬಾಗಿಲ ಹತ್ತಿರ, ಬಿಸಿಗಾಳಿ ಹೊರಗೆ ಬಿಡುವ ಕೊಳವೆಯ ಪಕ್ಕ, ತಲೆಕೆಳಗು ಮಾಡಿದ ಬುಟ್ಟಿಗಳ ಮೇಲೆ ಕೂತಿದ್ದೆವು. ಅವಳ ಮುಖ ಸಂಭ್ರಮದಿಂದ ಕೆಂಪಾಗಿತ್ತು. ಆಂಟಿ, ನೀವೆಲ್ಲಾ ಒಂದೇ ಊರಿನವರು ಅಂತ ಯಾಕೆ ಹೇಳಲಿಲ್ಲ ಅಂದಳು. ಅವಳ ಮೇಷ್ಟ್ರು ಕುಣಿದಾಡುತ್ತಿದ್ದಾರಂತೆ. ಒಂದೇ ದಿನ, ಒಂದೇ ರೀತಿ ಐದು ಮನೆಗಳ ಮೇಲೆ ನಡೆದ ದಾಳಿ, ಇದು ಪೇಪರಿಗೆ ಹೋಗಬೇಕಾದ್ದು ಅಂತಿದ್ದಾರಂತೆ. ನಮಗೆ ಅರ್ಥವಾಗಲಿಲ್ಲ. ಆಗ ಅವಳು ಯಂತ್ರ ಒತ್ತಿ ಐವರದ್ದೂ ಒಂದರ ಹಿಂದೆ ಒಂದು ಕೇಳಿಸಿದಳು.

ಮುಂಜಾವು. ನಾಯಿ ಬೊಗಳಲಿಲ್ಲ. ಗಂಡ ಬಾಗಿಲಿಗೆ ಬೆನ್ನು ಕೊಟ್ಟ. ಹಿತ್ತಲಿನಿಂದ ಓಡಿ, ತಿರುಗಿ ನೋಡಬೇಡಿ. ಗುಂಡಕ್ಕನದು ಹಸಿರು ಬಾಗಿಲು. ಅಕ್ಕನದು ಕೆಂಪು, ತಂಗಿಯದು ಹಳದಿ. ನನ್ನದು ನೀಲಿ. ಅಜ್ಜಿಯದಕ್ಕೆ ಬಣ್ಣವೇ ಇಲ್ಲ, ಬರೀ ಮರ. ಉಳಿದದ್ದೆಲ್ಲಾ ಒಂದೇ. ಉಗುಳು ನುಂಗುವ ಜಾಗವೂ ಒಂದೇ.

ಇಷ್ಟು ವರ್ಷ ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚಿದ್ದೇವೆ, ಒಬ್ಬರ ಫೈಲಿನ ಕಥೆ ಇನ್ನೊಬ್ಬರು ಕೇಳಿರಲಿಲ್ಲ ನೋಡು, ಅಕ್ಕತಂಗಿಯರೂ ಕೂಡ. ಅದನ್ನು ಕೇಳುವುದು ಮರ್ಯಾದೆಯಲ್ಲ ಅಂತ ಎಲ್ಲರೂ ಸುಮ್ಮನಿದ್ದೆವು. ಮೊದಲು ಗುಂಡಕ್ಕ ಬಾಯಿ ಬಿಟ್ಟಳು. ‘ಏನ್ರೇ ಇದು, ಐದೂ ಜನಕ್ಕೂ ಒಬ್ಬನೇ ಗಂಡಾನಾ?’ ಅಂದಳು. ತಂಗಿ ಕಿಸಕ್ಕನೆ ನಕ್ಕಳು. ಅದೇ ಸಾಕಾಯಿತು, ಬುಟ್ಟಿಯಿಂದ ಬೀಳುವಷ್ಟು ನಕ್ಕೆವು. ಅಜ್ಜಿ ಮಾತ್ರ ನಗಲಿಲ್ಲ. ‘ಬಣ್ಣ ಬೇಡ ಅಂತ ನಾನೇ ಹೇಳಿದ್ದು. ಅಷ್ಟಾದ್ರೂ ನಿಜ ಇರ್ಲಿ ಅಂತ’ ಅಂದಳು. ಆ ಹುಡುಗಿ ಒಬ್ಬೊಬ್ಬರ ಮುಖ ನೋಡುತ್ತಾ ನಿಂತಿದ್ದಳು, ಅವಳ ಬಣ್ಣ ಇಳಿಯುತ್ತಾ ಹೋಯಿತು.

ಈಗ ನಿನ್ನ ಮುಖದ ಬಣ್ಣವೂ ಇಳಿದಿರಬೇಕು. ನೀರು ಕುಡಿ.

ಗಡಿ ದಾಟುವ ಮೊದಲು ನಮ್ಮನ್ನೆಲ್ಲಾ ಒಂದು ಶೆಡ್ಡಿನಲ್ಲಿ ಇಡುತ್ತಿದ್ದರು. ಬೇರೆ ಬೇರೆ ವರ್ಷ ಬಂದವರು ನಾವು, ಶೆಡ್ಡು ಮಾತ್ರ ಅದೇ. ಅಲ್ಲಿ ಒಬ್ಬನಿದ್ದ, ಹಿಂದೆ ಯಾವುದೋ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ದಾಟಿಸುವವರಿಗೆ ಅವನು ಸಂಬಂಧಿಕ. ಆಚೆ ಹೋದ ಮೇಲೆ ಅಧಿಕಾರಿಗಳ ಮುಂದೆ ಏನು ಹೇಳಬೇಕು ಅಂತ ಕಲಿಸುವುದೇ ಅವನ ಕೆಲಸ. ನಮ್ಮನ್ನು ಸಾಲಾಗಿ ಕೂರಿಸಿ ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿಕೊಳ್ಳುತ್ತಿದ್ದ. ತಾರೀಖು ತಪ್ಪಿದರೆ ಮೇಜು ಗುದ್ದುತ್ತಿದ್ದ. ಸೋಮಾರಿ ಮುಂಡೇದು, ಒಬ್ಬೊಬ್ಬರಿಗೂ ಒಂದೊಂದು ಕಥೆ ಕಟ್ಟುವುದಕ್ಕೂ ಅವನಿಗೆ ಮೈಗಳ್ಳತನ. ಬಾಗಿಲಿನ ಬಣ್ಣ ಒಂದು ಬದಲಿಸಿ ಎಲ್ಲರಿಗೂ ಅದನ್ನೇ ಹಂಚಿದ್ದಾನೆ!

ಅವನು ನನ್ನನ್ನು ಕೇಳಿದ, ಗಂಡ ಎಲ್ಲಿ ಅಂತ. ಹಿಂದಿನ ಗಾಡಿಗೆ ಬರ್ತಾನೆ ಅಂದೆ. ಅವನು ಕತ್ತೆತ್ತಿ ನೋಡಿ, ಅಮ್ಮಾ, ಬರ್ತಾನೆ ಅಂದ್ರೆ ಬರೋವರೆಗೂ ಆಚೆ ಕಾಯಿ ಅಂತಾರೆ, ಸತ್ತ ಅಂದ್ರೆ ಒಳಗೆ ಬಿಡ್ತಾರೆ, ಯಾವುದು ಬೇಕು ಹೇಳು ಅಂದ. ನೀನು ನನ್ನ ತೊಡೆಯ ಮೇಲೆ ಮಲಗಿದ್ದೆ, ಮೂರು ವರ್ಷದ್ದು, ಮೈ ಕೆಂಡ ಕೆಂಡ. ಆದರೆ ನಿನಗೋಸ್ಕರ ಹೇಳಿದೆ ಅಂತ ನಿನ್ನ ತಲೆಗೆ ಕಟ್ಟುವುದಿಲ್ಲ. ನನಗೂ ಬದುಕಬೇಕಿತ್ತು. ಸತ್ತ ಅಂದೆ. ಬದುಕಿದ್ದ ನಿಮ್ಮಪ್ಪನನ್ನು ನನ್ನ ಬಾಯಿಂದಲೇ ಸಾಯಿಸಿದೆ.

ನಡೆದದ್ದು ಇಷ್ಟು. ಮನೆ ಬಿಟ್ಟು ಬಂದದ್ದು ನಿಜ, ಮನೆ ಹೋದದ್ದೂ ನಿಜ. ನಾವು ಮೂವರೂ ಒಟ್ಟಿಗೇ ಹೊರಟಿದ್ದೆವು. ಒಂಬತ್ತನೆಯ ದಿನ ನಿಮ್ಮಪ್ಪನ ಪಾದಕ್ಕೆ ಮೊಳೆ ಹೊಕ್ಕಿತು. ಎರಡು ದಿನಕ್ಕೆ ಕಾಲು ಊದಿ ಚಪ್ಪಲಿ ಹಿಡಿಸದಾಯಿತು. ಲಾರಿ ನಿಲ್ಲುವ ಒಂದು ಜಾಗ, ಮುಚ್ಚಿಹೋದ ಪೆಟ್ರೋಲ್ ಬಂಕು, ಅದರ ಹಿಂದಿನ ಗೋಡೆಯ ನೆರಳಿನಲ್ಲಿ ಕೂರಿಸಿದೆ. ಮುಂದೆ ಎರಡು ದಿನ ಗುಡ್ಡ ಹತ್ತಿ ಇಳಿಯಬೇಕು, ನಡೆಯಲಾರದವರನ್ನು ಹತ್ತಿಸುವುದಿಲ್ಲ ಅಂದ ಲಾರಿಯವನು. ನಿಮ್ಮಪ್ಪ ‘ನೀವಿಬ್ರೂ ಹೊರಡಿ, ನಾನು ಹಿಂದಿನ ಗಾಡಿಗೆ ಬರ್ತೀನಿ’ ಅಂದ. ನಾವು ಹತ್ತಿದೆವು. ಅಷ್ಟೇ. ಬಾಗಿಲೂ ಇಲ್ಲ, ನಾಯಿಯೂ ಇಲ್ಲ. ಬಿಸಿಲಿತ್ತು.

ಆ ದಿನ ಹುಡುಗಿಗೆ ನಾನೇ ಇದನ್ನು ಹೇಳಿದೆ, ಯಂತ್ರ ಆರಿಸಿದ ಮೇಲೆ. ಉಳಿದವರೂ ಒಬ್ಬೊಬ್ಬರಾಗಿ ಹೇಳಿದರು. ಅಜ್ಜಿಯ ಗಂಡ ದಾರಿಯಲ್ಲಿ ವಾಂತಿಭೇದಿಯಾಗಿ ತೀರಿಕೊಂಡದ್ದಂತೆ. ಬಾಗಿಲಿಗೆ ಬೆನ್ನು ಕೊಡದ ಸಾವನ್ನು ಯಾರು ಲೆಕ್ಕಕ್ಕೆ ಹಿಡೀತಾರೆ ಅಂದಳು. ಆಗ ಹುಡುಗಿ, ‘ಆಂಟಿ, ನಿಮ್ಮ ನಿಜವಾದ ಕಥೆ ಹೇಳಿದ್ರೂ ನಿಮ್ಮನ್ನ ಒಳಗೆ ಬಿಡ್ತಿದ್ರೇನೋ’ ಅಂದಳು. ಬಿಡುತ್ತಿದ್ದರೇನೋ. ಆ ‘ಏನೋ’ ಮೇಲೆ ಯಾವ ತಾಯಿ ಮಗು ಎತ್ತಿಕೊಂಡು ಗಾಜಿನ ಮುಂದೆ ನಿಲ್ಲುತ್ತಾಳೆ, ನೀನೇ ಹೇಳು.

ಪೇಪರಿಗೆ ಹೋಗಲು ಅವಳು ಬಿಡಲಿಲ್ಲ. ಕಾಲೇಜಿನ ಮೇಷ್ಟ್ರ ಹತ್ತಿರ ಅದೇನು ಸುಳ್ಳು ಹೇಳಿದಳೋ, ನಮ್ಮಿಂದಲೇ ಕಲಿತಿರಬೇಕು. ನಾಲ್ಕು ಕಥೆ ಅಳಿಸುತ್ತೇನೆ, ಒಂದು ಉಳಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಯಾರದು ಉಳಿಸಲಿ ಅಂತ ಕೇಳಿದಳು. ನಾಲ್ವರೂ ನನ್ನ ಕಡೆ ಬೆರಳು ಮಾಡಿದರು. ನಿನ್ನ ಮಗಳ ಕಾಲೇಜಲ್ವೇನೇ, ನಿನ್ನದೇ ಇರ್ಲಿ, ನೀನೇ ಚೆನ್ನಾಗಿ ಹೇಳಿರೋದು ಅಂದಳು ಗುಂಡಕ್ಕ. ಅಲ್ಲಿಗೆ ಮುಗಿಯಬೇಕಿತ್ತು. ನೀಲಿ ಬಾಗಿಲು ನಿನಗೇ ಉಳಿಯುತ್ತಿತ್ತು, ಶನಿವಾರ ನೀನು ಮಾತಾಡುತ್ತಿದ್ದೆ, ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

ಹೊರಡುವಾಗ ಆ ಹುಡುಗಿ ಗೇಟಿನ ಹತ್ತಿರ ತಿರುಗಿ ನಿಂತಳು. ಆಂಟಿ, ಹಾಗಾದ್ರೆ ಅಂಕಲ್‌ನ ಯಾರೂ ಹುಡುಕಿಲ್ವಾ ಅಂತ ಕೇಳಿದಳು. ಪಾಪ, ಸುಮ್ಮನೆ ಕೇಳಿದ್ದು. ನಾನು ಅಲ್ಲೇ ಗೇಟಿನ ಕಂಬಿ ಹಿಡಿದುಕೊಂಡೆ.

ಯಾರು ಹುಡುಕುತ್ತಾರೆ ಮಗಳೇ? ಸತ್ತವನನ್ನು ಯಾರು ಹುಡುಕುತ್ತಾರೆ? ನಾವು ಬಂದ ಹೊಸದರಲ್ಲಿ ಬಸ್ ನಿಲ್ದಾಣದ ಹತ್ತಿರ ಒಂದು ಕಚೇರಿ ಇತ್ತು, ನಿನಗೆ ನೆನಪಿರಬಹುದು. ಕಿಟಕಿ ತುಂಬಾ ಫೋಟೋ ಅಂಟಿಸಿದ್ದರು. ದಾರಿಯಲ್ಲಿ ಕಳೆದುಹೋದವರನ್ನು ಹುಡುಕಿಕೊಡುವ ಕಚೇರಿ. ನಿನ್ನನ್ನು ಶಾಲೆಗೆ ಬಿಟ್ಟು ಬರುವಾಗ ದಿನಾ ಅದರ ಮುಂದೆ ಹಾದುಹೋಗುತ್ತಿದ್ದೆ. ಒಂದು ದಿನ ಒಳಗೂ ಹೋದೆ. ಒಬ್ಬಾಕೆ ಅರ್ಜಿ ಕೊಟ್ಟಳು. ಕಳೆದುಹೋದವರು ನಿಮಗೆ ಏನಾಗಬೇಕು, ಕೊನೆಯ ಸಲ ಎಲ್ಲಿ ನೋಡಿದಿರಿ ಅಂತ ಇತ್ತು. ಗಂಡ ಅಂತ ಬರೆದರೆ ಅದೇ ಸರ್ಕಾರದ ಇನ್ನೊಂದು ಕಿಟಕಿಯಲ್ಲಿ ಅವನು ಸತ್ತಿದ್ದಾನಲ್ಲ! ಅರ್ಜಿ ಮಡಚಿ ಬ್ಯಾಗಿಗೆ ಹಾಕಿಕೊಂಡು, ಶೌಚಾಲಯ ಎಲ್ಲಿದೆ ಅಂತ ಕೇಳಿ ಹೊರಗೆ ಬಂದೆ. ಶೌಚಾಲಯ ಹುಡುಕಿಕೊಂಡು ಒಳಗೆ ಬಂದವಳು ಅಂತ ಅವಳು ಅಂದುಕೊಳ್ಳಲಿ ಅಂತ.

ಅದೇ ವಾರ ನೀನು ಶಾಲೆಯಲ್ಲಿ ಮನೆಯ ಚಿತ್ರ ಬರೆದೆ. ನೀಲಿ ಬಾಗಿಲು. ಮುಂದೆ ಅಪ್ಪ, ತೋಳು ಅಗಲಿಸಿಕೊಂಡು. ಎಲ್ಲರಿಗೂ ತೋರಿಸಿದೆ, ಟೀಚರ್ ಗೋಡೆಗೆ ಹಾಕಿದರು. ಆಗಲೇ ಹೇಳಬೇಕಿತ್ತು. ನಾಳೆ ಹೇಳೋಣ, ದೊಡ್ಡವಳಾಗಲಿ ಅಂತ ಮುಂದೂಡುತ್ತಾ ಬಂದೆ. ನೀನು ದೊಡ್ಡವಳಾದ ಹಾಗೆ ಆ ಅಪ್ಪನೂ ದೊಡ್ಡವನಾಗುತ್ತಾ ಹೋದ. ಕಾಲೇಜಿಗೆ ಅರ್ಜಿ ಹಾಕುವಾಗ ನೀನು ಅವನ ಮೇಲೆ ಎರಡು ಪುಟ ಬರೆದು ನನಗೆ ಓದಿ ಹೇಳಿದೆ. ನಾನು ಅತ್ತೆ. ನೀನು ಬೇರೆ ಏನೋ ಅಂದುಕೊಂಡು ನನ್ನನ್ನು ತಬ್ಬಿಕೊಂಡೆ.

ನಿನ್ನ ನಿಜವಾದ ಅಪ್ಪನ ಬಗ್ಗೆ ಹೇಳಲಾ? ಅವನು ಬಾಗಿಲಿಗೆ ಬೆನ್ನು ಕೊಡುವ ಜಾತಿಯ ಗಂಡಸಲ್ಲ. ಮನೆಯೊಳಗೆ ಹಲ್ಲಿ ಬಿದ್ದರೆ ನನಗಿಂತ ಮೊದಲು ಮಂಚ ಹತ್ತುತ್ತಿದ್ದ. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಅಂಗಿಯ ತೋಳಿನ ತುಂಬಾ ಎಣ್ಣೆ ಕಲೆ, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಗೊರಕೆ ಹೊಡೆಯುತ್ತಿದ್ದ, ಹೊಡೆಯಲ್ಲ ಅಂತ ವಾದ ಮಾಡುತ್ತಿದ್ದ. ಕೆಟ್ಟ ಯಂತ್ರದ ಜೊತೆ ಮಾತಾಡುತ್ತಿದ್ದ, ಏನಮ್ಮಾ, ಎಲ್ಲಿ ನೋವು ಅಂತ. ನಿನ್ನನ್ನೂ ಹಾಗೇ ಕೇಳುತ್ತಿದ್ದ. ನೀನು ಅಳು ನಿಲ್ಲಿಸಿ ಹೊಟ್ಟೆ ತೋರಿಸುತ್ತಿದ್ದೆ. ಇದೆಲ್ಲಾ ಹದಿನಾರು ವರ್ಷ ನನ್ನೊಬ್ಬಳ ಹತ್ತಿರವೇ ಇಟ್ಟುಕೊಂಡಿದ್ದೆ. ಆ ಕಥೆಯ ಅಪ್ಪನಿಗೆ ಗೊರಕೆ ಹೊಂದುತ್ತಿರಲಿಲ್ಲ, ಅದಕ್ಕೆ.

ಬದುಕಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದಾನೆ ಅಂತ ಒಂದು ದಿನ ಅನ್ನಿಸುತ್ತದೆ, ಇಲ್ಲ ಅಂತ ಒಂದು ದಿನ. ಎರಡೂ ದಿನ ಕೆಲಸಕ್ಕೆ ಬರುತ್ತೇನೆ. ಒಂದು ಮಾತು ಮಾತ್ರ ಗೊತ್ತು. ಅವನು ಹಿಂದಿನ ಗಾಡಿ ಹತ್ತಿ ಬಂದು ನಮ್ಮನ್ನು ಕೇಳಿದ್ದರೆ, ಈ ಹೆಸರಿನ ಹೆಂಗಸಿನ ಗಂಡ ಸತ್ತಿದ್ದಾನೆ, ನೀನು ಯಾರು ಅಂತ ಕೇಳಿ ವಾಪಸ್ಸು ಕಳಿಸಿರುತ್ತಾರೆ. ಇದು ಹೊಳೆದ ದಿನದಿಂದ ನನಗೆ ನೆಮ್ಮದಿ ಅನ್ನುವುದೇ ಇಲ್ಲ.

ಜೊತೆಗೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಹೊರಟ ತಿಂಗಳು, ಆ ಬಂಕು ಯಾವ ಎರಡು ಊರುಗಳ ನಡುವೆ, ಅಂಗಿಯ ಬಣ್ಣ, ಎಡಹುಬ್ಬಿನ ಮೇಲಿನ ಗಾಯ, ಮುಂದಿನ ಹಲ್ಲು ಒಂದು ಮುರಿದಿರುವುದು, ಯಾವ ಕಾಲು, ಎಲ್ಲಾ ಬರೆದಿದ್ದೇನೆ. ಆ ಕಚೇರಿ ಈಗ ನಿನ್ನ ಊರಿಗೆ ಬಂದಿದೆಯಂತೆ, ಹುಡುಗಿಯೇ ಕೇಳಿ ತಿಳಿದುಕೊಂಡಳು. ನಿನ್ನ ಕಾಗದಪತ್ರ ಈಗ ನಿನ್ನ ಹೆಸರಲ್ಲೇ ನಿಂತಿದೆ, ನಿನಗೇನೂ ಆಗುವುದಿಲ್ಲ ಅಂತಲೂ ವಿಚಾರಿಸಿದ್ದಾಳೆ. ನನಗೆ ಆದರೆ ಆಗಲಿ. ಕೇಳಿದರೆ ಈ ಸಲ ನಿಜ ಹೇಳುತ್ತೇನೆ. ಅರ್ಜಿ ನೀನು ತುಂಬು, ಇಲ್ಲಿನ ಭಾಷೆ ಬರೆಯುವಾಗ ನನಗೆ ಇನ್ನೂ ಅಕ್ಷರ ತಪ್ಪುತ್ತದೆ. ಬೇಡ ಅನ್ನಿಸಿದರೆ ಹರಿದು ಹಾಕು. ಶನಿವಾರ ಏನು ಮಾತಾಡುವುದು, ಮಾತಾಡುವುದೋ ಬೇಡವೋ, ಅದೂ ನಿನಗೇ ಬಿಟ್ಟದ್ದು. ನನ್ನ ಜೊತೆ ಮಾತು ಬಿಟ್ಟರೆ ತಡೆದುಕೊಳ್ಳುತ್ತೇನೆ ಅಂತ ಬರೆಯಬೇಕು ಅಂತಿದ್ದೆ. ಸುಳ್ಳು, ತಡೆದುಕೊಳ್ಳುವುದಿಲ್ಲ. ಬೈಯುವುದಕ್ಕಾದರೂ ಫೋನ್ ಮಾಡು. ಈ ಸಲ ಎತ್ತುತ್ತೇನೆ.

ಶೀತ ಆಗಿದೆ ಅಂದಿದ್ದೆ, ತಲೆ ಒದ್ದೆ ಬಿಟ್ಟುಕೊಂಡು ತಿರುಗಬೇಡ.

ನಿನ್ನ ಮೇಲೆ ಜೀವ ಇಟ್ಟುಕೊಂಡಿರುವ, ನಿನಗೆ ಮುಖ ತೋರಿಸಲು ಹೆದರಿರುವ,
ಅಮ್ಮ

ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ‘ನೀವಿಬ್ರೂ ಹೊರಡಿ’ ಅಂತ ನಿಮ್ಮಪ್ಪ ಅನ್ನಲಿಲ್ಲ. ಹುಡುಗಿಗೂ ಹಾಗೆ ಹೇಳಿದ್ದೇನೆ, ನಿನಗೂ ಬರೆದುಬಿಟ್ಟೆ. ಅವನು ಏನೂ ಅನ್ನಲಿಲ್ಲ, ನಿದ್ದೆ ಮಾಡುತ್ತಿದ್ದ. ಮಧ್ಯಾಹ್ನ, ಮೂರು ದಿನದ ಮೇಲೆ ಅವನಿಗೆ ಕಣ್ಣು ಹತ್ತಿತ್ತು. ಊದಿದ ಕಾಲನ್ನು ನಮ್ಮ ಬಟ್ಟೆಗಂಟಿನ ಮೇಲೆ ಇಟ್ಟುಕೊಂಡಿದ್ದ. ನಾನು ಗಂಟನ್ನು ಮೆಲ್ಲಗೆ ಎಳೆದುಕೊಂಡು, ಬದಲಿಗೆ ನನ್ನ ಸ್ವೆಟರ್ ಮಡಚಿ ಇಟ್ಟೆ. ಎಬ್ಬಿಸಿದ್ದರೆ ಇನ್ನೊಂದು ದಿನ ನೋಡೋಣ ಅನ್ನುತ್ತಿದ್ದ, ನಾನು ಉಳಿದುಬಿಡುತ್ತಿದ್ದೆ. ಎದ್ದದ್ದು ನೀನು. ಅಪ್ಪಾ ಅಂತ ಒಂದು ಸಲ ಕರೆದೆ. ನಾನು ನಿನ್ನ ಬಾಯಿ ಮುಚ್ಚಿದೆ. ಅವನು ಸಿಕ್ಕರೆ ಮೊದಲು ಕೇಳುವುದು ಇದನ್ನೇ, ಯಾಕೆ ಎಬ್ಬಿಸಲಿಲ್ಲ ಅಂತ. ಅವನ ಬಾಯಿಂದ ನಿನಗೆ ಗೊತ್ತಾಗುವುದು ಬೇಡ.